ತಾಯಂದಿರ ಗ್ರೂಪಿಗೆ ಕಂಪನಿಯವರು ದುಡ್ಡು ಹಿಡಿದುಕೊಂಡು ಬಂದಾಗ

ಗ್ರೂಪು ಚಿಕ್ಕದಿರುವಾಗ ಯಾವ ಕಂಪನಿಗೂ ನೀವು ಬೇಕಾಗಿರುವುದಿಲ್ಲ. ರಾತ್ರಿ ಎರಡು ಗಂಟೆಗೆ 'ಮಗು ಹಾಲು ಕುಡೀತಿಲ್ಲ, ಯಾರಾದ್ರೂ ಎದ್ದಿದ್ದೀರಾ' ಅಂತ ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಉತ್ತರ ಕೊಡುತ್ತಾರೆ, ಅಷ್ಟೇ. ಸದಸ್ಯರು ಕೆಲವು ಸಾವಿರ ದಾಟಿದ ಮೇಲೆ ಅಡ್ಮಿನ್‌ಗಳ ಇನ್‌ಬಾಕ್ಸಿಗೆ ಮೆಸೇಜು ಶುರು. 'ಹಾಯ್ ಮ್ಯಾಮ್, ನಿಮ್ಮ ಜೊತೆ ಕೊಲ್ಯಾಬ್ ಮಾಡಬೇಕು ಅಂತಿದ್ದೀವಿ.' ಡೈಪರ್‌ನವರು, ಬೇಬಿ ಆಯಿಲ್‌ನವರು, ಪ್ಲೇಹೋಮ್‌ನವರು, ಹೊಕ್ಕುಳಬಳ್ಳಿ ರಕ್ತ ಇಟ್ಟುಕೊಳ್ಳುವ ಬ್ಯಾಂಕಿನವರು, ಇನ್ನೂ ಪೆನ್ಸಿಲ್ ಹಿಡಿಯಲು ಬರದ ಮಗುವಿಗೆ ಅಬ್ಯಾಕಸ್ ಕಲಿಸುತ್ತೇವೆ ಅನ್ನುವವರು.

ದುಡ್ಡು ತಗೊಳ್ಳುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಅಡ್ಮಿನ್‌ಗಳು ಮನೆ, ಮಗು, ಕೆಲಸ ಎಲ್ಲ ನೋಡಿಕೊಂಡು ಉಳಿದ ಹೊತ್ತಿನಲ್ಲಿ ಜಗಳ ಬಿಡಿಸುತ್ತಾರೆ, ಸ್ಪ್ಯಾಮ್ ಅಳಿಸುತ್ತಾರೆ, ಅತ್ತುಕೊಂಡು ಫೋನ್ ಮಾಡುವ ಬಾಣಂತಿಗೆ ಸಮಾಧಾನ ಹೇಳುತ್ತಾರೆ. ಪುಕ್ಕಟೆ ದುಡಿಯುವುದೇ ದೊಡ್ಡತನ ಅನ್ನೋ ಮಾತನ್ನು ಹೆಂಗಸರಿಗೆ ಮಾತ್ರ ಹೇಳುತ್ತಾರೆ, ಅಲ್ವಾ? ಯಾವ ದುಡ್ಡು, ಯಾವ ಷರತ್ತಿನ ಮೇಲೆ ಅನ್ನುವುದನ್ನು ಮಾತ್ರ ಆಫರ್ ಬರುವ ಮೊದಲೇ ಕೂತು ಬರೆದಿಟ್ಟುಕೊಳ್ಳಿ. ಐವತ್ತು ಸಾವಿರದ ಮೆಸೇಜು ಕಣ್ಣೆದುರಿಗಿರುವಾಗ ನಿಯಮ ಬರೆಯಲು ಕೂತರೆ, ಆ ಐವತ್ತು ಸಾವಿರ ಸಿಗುವ ಹಾಗೇ ಬರೆಯುತ್ತೀರಿ.

ಮೊದಲ ಪರೀಕ್ಷೆ

ಕಂಪನಿಗೆ ಬರೀ ಜಾಗ ಬೇಕಿದ್ದರೆ ಫೇಸ್‌ಬುಕ್ಕಿಗೇ ದುಡ್ಡು ಕಟ್ಟಿ ಜಾಹೀರಾತು ಹಾಕುತ್ತಿತ್ತು. ನಿಮ್ಮ ಹತ್ತಿರ ಬಂದಿರುವುದು 'ನಮ್ಮ ಗ್ರೂಪಿನ ಅಕ್ಕ ಹೇಳಿದ್ರು' ಅನ್ನುವ ನಂಬಿಕೆಗೆ. ಹಾಗಾಗಿ ಯಾವ ಆಫರ್ ಬಂದರೂ ಮೊದಲು ಹೀಗೆ ಕೇಳಿಕೊಳ್ಳಿ. ನಾಳೆ ಒಬ್ಬ ತಾಯಿ 'ಈ ಡೈಪರ್ ಹಾಕಿದ ಮೇಲೆ ಮಗುವಿಗೆ ಕೆಂಪು ಗುಳ್ಳೆ ಎದ್ದಿದೆ' ಅಂತ ಫೋಟೋ ಹಾಕಿದರೆ ಆ ಪೋಸ್ಟ್ ಹಾಗೇ ಉಳಿಯುತ್ತದಾ? ಅಡ್ಮಿನ್‌ಗಳಲ್ಲಿ ಒಬ್ಬರಿಗಾದರೂ 'ಅಯ್ಯೋ, ಕಂಪನಿಯವರು ನೋಡಿಬಿಟ್ಟರೆ' ಅನ್ನಿಸುವ ಹಾಗಿದ್ದರೆ ಆ ದುಡ್ಡು ಬೇಡ. ಕಂಪನಿ ಒಳ್ಳೆಯದೇ ಇರಬಹುದು, ಮಾಲೂ ಚೆನ್ನಾಗಿರಬಹುದು. ಆದರೂ ಬೇಡ.

ಚರ್ಚೆಗೇ ಅವಕಾಶ ಇಲ್ಲದವು

ಕೆಲವು ಆಫರ್‌ಗಳಲ್ಲಿ ಧರ್ಮಸಂಕಟವೇ ಇಲ್ಲ, ಏಕೆಂದರೆ ಕಾನೂನೇ ಬೇಡ ಅಂದಿದೆ. ಮಗುವಿನ ಹಾಲಿನ ಪುಡಿ, ಹಾಲು ಕುಡಿಸುವ ಬಾಟಲಿ, ನಿಪ್ಪಲ್, ಎರಡು ವರ್ಷದವರೆಗಿನ ಮಕ್ಕಳ ಆಹಾರ, ಇವುಗಳ ಜಾಹೀರಾತನ್ನು 1992ರ ಐಎಂಎಸ್ ಕಾಯ್ದೆ, ಅಂದರೆ ಎದೆಹಾಲಿನ ಬದಲಿಗೆ ಕೊಡುವ ಹಾಲು, ಬಾಟಲಿ ಮತ್ತು ಶಿಶು ಆಹಾರದ ಕಾಯ್ದೆ, ನಿಷೇಧಿಸುತ್ತದೆ. 2003ರ ತಿದ್ದುಪಡಿ ಅದನ್ನು ಇನ್ನೂ ಬಿಗಿ ಮಾಡಿತು. ಉಚಿತ ಸ್ಯಾಂಪಲ್ ಹಂಚುವುದು, ಮಾರಾಟ ಹೆಚ್ಚಿಸಲು ಬಸುರಿಯರನ್ನೋ ತಾಯಂದಿರನ್ನೋ ಸಂಪರ್ಕಿಸುವುದು, ಉಡುಗೊರೆ ಕೊಡುವುದು, ಎಲ್ಲವೂ ಅದರಲ್ಲಿ ಬರುತ್ತದೆ. ಮೂರು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ದಂಡದ ಮೊತ್ತ ನೋಡಿ ನಗಬೇಡಿ, ಜೈಲಿನ ಮಾತು ಓದಿಕೊಳ್ಳಿ.

ಇದು ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ ಇರುತ್ತದಲ್ಲ, ಆಗ 'ಎದೆಹಾಲಿನ ಬಗ್ಗೆ ಅರಿವು ಮೂಡಿಸೋಣ' ಅಂತ ಬರುತ್ತಾರೆ. ಬ್ರೆಸ್ಟ್ ಪಂಪ್ ಜಾಹೀರಾತು ಅಂತಾರೆ, ಚಿತ್ರದಲ್ಲಿ ಪಂಪಿನ ಪಕ್ಕ ಅದೇ ಬ್ರ್ಯಾಂಡಿನ ಬಾಟಲಿ ನಿಂತಿರುತ್ತದೆ. ಮಕ್ಕಳ ಡಾಕ್ಟರ ಉಚಿತ ಮಾತುಕತೆ ಅಂತಾರೆ, ಖರ್ಚು ಯಾರದ್ದು ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಕೇಳಿ. ಬರವಣಿಗೆಯಲ್ಲೇ ಕೇಳಿ.

ಇಲ್ಲೊಂದು ಮಾತು. ಜಾಹೀರಾತು ಬೇಡ ಅಂದ ಮಾತ್ರಕ್ಕೆ ಫಾರ್ಮುಲಾ (ಹಾಲಿನ ಪುಡಿ) ಕೊಡುವ ತಾಯಿಯನ್ನು ಹೀಗಳೆಯಬೇಡಿ. ಅವರು ಕೇಳಿದ ಪ್ರಶ್ನೆಗೆ ಸದಸ್ಯರು ತಮ್ಮ ಅನುಭವ ಹೇಳಿಕೊಳ್ಳಲಿ. ದುಡ್ಡು ಪಡೆದು ಪ್ರಚಾರ ಮಾಡುವುದು ಬೇರೆ, ಕಷ್ಟದಲ್ಲಿರುವವರಿಗೆ ಉತ್ತರ ಕೊಡುವುದು ಬೇರೆ.

ಹೊಕ್ಕುಳಬಳ್ಳಿ ರಕ್ತದ ಬ್ಯಾಂಕುಗಳಿಗೆ ಕಾನೂನಿನ ನಿಷೇಧ ಇಲ್ಲ, ಆದರೆ ನಾನಾದರೆ ಒಪ್ಪುವುದಿಲ್ಲ. ಮಗುವಿನ ರಕ್ತವನ್ನು ಮುಂದೆ ಅದೇ ಮಗುವಿಗೆ ಬೇಕಾಗಬಹುದು ಅಂತ ಕೂಡಿಡಲು ವೈಜ್ಞಾನಿಕ ಆಧಾರವಿಲ್ಲ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2017ರ ಮಾರ್ಗಸೂಚಿಯಲ್ಲೇ ಹೇಳಿದೆ. ಮಗುವಿಗೆ ವಂಶವಾಹಿಯ ಕಾಯಿಲೆ ಇದ್ದರೆ ಕೂಡಿಟ್ಟ ಕೋಶಗಳಲ್ಲೂ ಅದೇ ದೋಷ ಇರುತ್ತದೆ. ಏಳನೇ ತಿಂಗಳ ಸೀಮಂತದ ಹೊತ್ತಿಗೆ, ಹೆದರಿಕೆ ಜಾಸ್ತಿ ಇರುವಾಗಲೇ ಇವರು ಫೋನ್ ಮಾಡುತ್ತಾರೆ. ಆ ಹೆದರಿಕೆಗೆ ನಿಮ್ಮ ಗ್ರೂಪು ಬಾಗಿಲು ಆಗುವುದು ಬೇಡ.

ಎತ್ತರ ಬೆಳೆಸುವ, ಬುದ್ಧಿ ಚುರುಕು ಮಾಡುವ ಪುಡಿಗಳೂ ಇದೇ ಸಾಲಿನವು. ಸರಿಯಾದ ಆಧಾರವಿಲ್ಲದೆ ಇಂಥ ಮಾತನ್ನು ಮಕ್ಕಳ ಜಾಹೀರಾತಿನಲ್ಲಿ ಹೇಳಬಾರದು ಅಂತ 2022ರ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. 2024ರ ಏಪ್ರಿಲ್‌ನಲ್ಲಿ ಬೋರ್ನ್‌ವಿಟಾದಂಥ ಪೇಯಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಿರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಸರ್ಕಾರವೇ ಹೇಳಬೇಕಾಯಿತು. ಬೇಬಿ ವಾಕರ್ ಕೂಡ ಬೇಡ. ಮಕ್ಕಳಿಗೆ ಅಪಾಯ ಅಂತ ಕೆನಡಾ 2004ರಲ್ಲೇ ಅದರ ಮಾರಾಟ ನಿಲ್ಲಿಸಿದೆ. ನಮ್ಮಲ್ಲಿ ಇನ್ನೂ ನಾಮಕರಣಕ್ಕೆ ಉಡುಗೊರೆ ಕೊಡುತ್ತಾರೆ!

ನಿಜವಾದ ಕಷ್ಟ: ನಮ್ಮವರೇ ಮಾರುವಾಗ

ದೊಡ್ಡ ಕಂಪನಿಗೆ ಇಲ್ಲ ಅನ್ನುವುದು ಸುಲಭ. ಗ್ರೂಪಿನಲ್ಲೇ ಇರುವ, ಹೆರಿಗೆಯಾದ ಮೇಲೆ ಕೆಲಸ ಬಿಟ್ಟು ಮನೆಯಲ್ಲೇ ರಾಗಿ ಸರಿ ಪುಡಿ ಮಾಡಿ ಮಾರುತ್ತಿರುವ ಹುಡುಗಿಗೆ ಇಲ್ಲ ಅನ್ನಲು ಹೇಗೆ ಮನಸ್ಸು ಬರುತ್ತದೆ? ಎಲ್ಲರಿಗೂ ಅವಳು ಗೊತ್ತು. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ವಸ್ತ್ರಗಾಳಿಸಿ ಮಾಡುವ ಕಷ್ಟವೂ ಗೊತ್ತು.

ಆದರೆ ಐಎಂಎಸ್ ಕಾಯ್ದೆಯಲ್ಲಿ ಸಣ್ಣವರು ದೊಡ್ಡವರು ಅನ್ನುವ ಭೇದ ಇಲ್ಲ. ಆರು ತಿಂಗಳಿಂದ ಎರಡು ವರ್ಷದವರೆಗೆ ಎದೆಹಾಲಿಗೆ ಪೂರಕ ಅಂತ ಮಾರುವ ಆಹಾರ, ಯಾವ ಹೆಸರಿನದಾದರೂ, ಶಿಶು ಆಹಾರವೇ. 'ಆರು ತಿಂಗಳ ಮಗುವಿಗೆ ಬೆಸ್ಟ್' ಅಂತ ಪೋಸ್ಟ್ ಹಾಕಿದರೆ ಅದು ಜಾಹೀರಾತು. ಇದನ್ನು ಅವಳಿಗೆ ಖಾಸಗಿಯಾಗಿ, ಗೌರವದಿಂದ ತಿಳಿಸಿ. ದೊಡ್ಡವರೂ ಕುಡಿಯುವ ರಾಗಿ ಮಾಲ್ಟ್, ಚಟ್ನಿ ಪುಡಿ, ಬಾಣಂತಿಗೆ ಬೇಕಾದ ಬಟ್ಟೆಬರೆ ಮಾರಲು ಅಡ್ಡಿಯಿಲ್ಲ. ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನೋಂದಣಿಯ 14 ಅಂಕಿಯ ನಂಬರು ಪೊಟ್ಟಣದ ಮೇಲಿರಲಿ, ತಯಾರಿಸಿದ ದಿನಾಂಕ ಇರಲಿ, ಕಡಲೆಕಾಯಿ ಬಾದಾಮಿ ಹಾಕಿದ್ದರೆ ಅದನ್ನೂ ಬರೆದಿರಲಿ. ವಾರಕ್ಕೊಂದು ದಿನ, ಭಾನುವಾರ ಅಂತಿಟ್ಟುಕೊಳ್ಳಿ, ಸದಸ್ಯರ ಮಾರಾಟಕ್ಕೆ ಬಿಡಿ. ಅಡ್ಮಿನ್‌ನ ತಂಗಿಗೂ ಅದೇ ದಿನ. ಇದನ್ನು ಮುಖ್ಯವಾಗಿ ಪಾಲಿಸಿ, ಯಾಕೆಂದರೆ ಗ್ರೂಪು ಒಡೆಯುವುದು ಜಾಸ್ತಿ ಸಲ ಇಲ್ಲೇ.

ಒಪ್ಪಿಕೊಂಡರೆ ಹೇಗೆ ಹೇಳಬೇಕು

ದುಡ್ಡು ಬಂದಿದ್ದರೆ ಪೋಸ್ಟಿನ ಮೊದಲ ಸಾಲಿನಲ್ಲೇ 'ಇದು ಜಾಹೀರಾತು, ಇಂಥ ಕಂಪನಿಯಿಂದ ನಮಗೆ ಹಣ ಬಂದಿದೆ' ಅಂತ ಬರೆಯಿರಿ. ಕನ್ನಡದ ಪೋಸ್ಟಿಗೆ ಕನ್ನಡದಲ್ಲೇ. ಹತ್ತು ಹ್ಯಾಶ್‌ಟ್ಯಾಗುಗಳ ಕೊನೆಯಲ್ಲಿ 'ಎಡಿ' ಅಂತ ಎರಡಕ್ಷರ ಸೇರಿಸುವುದು ಕಣ್ಣಾಮುಚ್ಚಾಲೆ. ಜಾಹೀರಾತು ಗುಣಮಟ್ಟ ಮಂಡಳಿ ಎಎಸ್‌ಸಿಐ 2021ರಲ್ಲಿ, ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ, ಇಂಥ ಸಂಬಂಧವನ್ನು ಎದ್ದು ಕಾಣುವಂತೆ ಹೇಳಲೇಬೇಕು ಅಂದಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಪ್ರಚಾರಕ್ಕೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಪ್ರಚಾರ ಮಾಡಿದವರಿಗೂ ಅನ್ವಯಿಸುತ್ತದೆ.

ದುಡ್ಡು ಅಂದರೆ ನೋಟು ಮಾತ್ರ ಅಲ್ಲ. ಪುಕ್ಕಟೆ ಬಂದ ಸ್ಟ್ರೋಲರ್, ಹೋಟೆಲಿನ ಊಟ, ಸದಸ್ಯರು ಕೋಡ್ ಹಾಕಿ ಕೊಂಡಾಗ ಬರುವ ಕಮಿಷನ್, ಮಗನಿಗೆ ಸಿಕ್ಕ ಫೀಸು ರಿಯಾಯಿತಿ, ಎಲ್ಲವನ್ನೂ ಹೇಳಬೇಕು. ಒಂದೇ ಕಡೆಯಿಂದ ವರ್ಷಕ್ಕೆ 20,000 ರೂಪಾಯಿ ಮೀರಿ ಇಂಥ ಸವಲತ್ತು ಬಂದರೆ ಶೇ 10 ತೆರಿಗೆ ಕಡಿತದ ನಿಯಮ 2022ರ ಜುಲೈನಿಂದ ಇದೆ. ನಿಮ್ಮ ಆಡಿಟರನ್ನು ಒಂದು ಮಾತು ಕೇಳಿ.

ಒಪ್ಪಂದದ ಕಾಗದ ಬಂದರೆ ಸಾಮಾನ್ಯವಾಗಿ ಎಲ್ಲರೂ ಮೊತ್ತ ನೋಡುತ್ತಾರೆ. ನೀವು 'ಬ್ರ್ಯಾಂಡಿಗೆ ಧಕ್ಕೆಯಾಗುವ ಬರಹ ತೆಗೆಯತಕ್ಕದ್ದು' ಅನ್ನುವ ಸಾಲನ್ನು ಹುಡುಕಿ. ಅದು ಇದ್ದೇ ಇರುತ್ತದೆ, ಮೂರನೇ ಪುಟದಲ್ಲೋ ನಾಲ್ಕನೆಯದರಲ್ಲೋ, ಯಾರೂ ಓದದ ಹಾಗೆ ಸಣ್ಣಕ್ಷರದಲ್ಲಿ. ಹೊಡೆದು ಹಾಕಿ, ಅದರ ಜಾಗದಲ್ಲಿ 'ಸದಸ್ಯರ ದೂರುಗಳನ್ನು ತೆಗೆಯುವುದಿಲ್ಲ' ಅಂತ ಬರೆದು ವಾಪಸ್ ಕಳಿಸಿ. ಒಪ್ಪಿದರೆ ಮುಂದಿನ ಮಾತು. ಪ್ರತಿಸ್ಪರ್ಧಿ ಕಂಪನಿಗಳ ಹೆಸರೇ ಎತ್ತಬಾರದು ಅನ್ನುವ ಷರತ್ತಿಗೂ ಇದೇ ಔಷಧಿ. ಅಡ್ಮಿನ್‌ಗಳು ಬೇಕಿದ್ದರೆ ಸುಮ್ಮನಿರಬಹುದು, ಸದಸ್ಯರ ಬಾಯಿಗೆ ಬೀಗ ಹಾಕುವ ಹಕ್ಕು ನಿಮಗಿಲ್ಲ.

ಫೋನ್ ನಂಬರು, ಫೋಟೋ

ಪ್ಲೇಹೋಮ್ ಮತ್ತು ಆನ್‌ಲೈನ್ ಕ್ಲಾಸಿನವರು ಬ್ಯಾನರ್ ಕೇಳುವುದು ಕಡಿಮೆ. ಅವರಿಗೆ ಬೇಕಾದ್ದು ಪಟ್ಟಿ: ತಾಯಿಯ ಹೆಸರು, ನಂಬರು, ಮಗುವಿನ ವಯಸ್ಸು, ಏರಿಯಾ. ಒಂದು ಎಕ್ಸೆಲ್ ಕೊಟ್ಟರೆ ಸಾಕು, ಜಯನಗರದಿಂದ ಹುಬ್ಬಳ್ಳಿಯವರೆಗೆ ಅಪ್ಪ ಅಮ್ಮಂದಿರ ಫೋನು ವರ್ಷಗಟ್ಟಲೆ ರಿಂಗಾಗುತ್ತದೆ. ಉಚಿತ ಡೆಮೊ ಕ್ಲಾಸು, ಆಮೇಲೆ ಇಎಂಐ. ಈ ಥರದ ಮಾರಾಟದ ಬಗ್ಗೆ 2021ರ ಡಿಸೆಂಬರ್‌ನಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಪೋಷಕರಿಗೆ ಎಚ್ಚರಿಕೆ ಕೊಟ್ಟಿತ್ತು. ಪಟ್ಟಿ ಕೊಡಬೇಡಿ, ಯಾವ ಬೆಲೆಗೂ. ಆಸಕ್ತಿ ಇದ್ದವರು ತಾವಾಗಿ ಕಂಪನಿಯ ಲಿಂಕಿಗೆ ಹೋಗಲಿ.

'ಮುದ್ದು ಕೃಷ್ಣ' ಸ್ಪರ್ಧೆ ಪ್ರತಿ ಜನ್ಮಾಷ್ಟಮಿಗೂ ಬರುತ್ತದೆ. ಫೋಟೋದ ಹಕ್ಕು ಯಾರಿಗೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಎಲ್ಲೆಲ್ಲಿ ಹಾಕುತ್ತಾರೆ ಅಂತ ಕೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಬಹುಮಾನಕ್ಕಾಗಿ ಊರವರ ಹತ್ತಿರವೆಲ್ಲ ಲೈಕ್ ಒತ್ತಿಸುವ ಸ್ಪರ್ಧೆಗಳನ್ನಂತೂ ನಾನು ಕಂಡರೆ ಡಿಲೀಟ್.

ಲೆಕ್ಕ, ಮತ್ತು ಇಲ್ಲ ಅನ್ನುವುದು

ದುಡ್ಡು ಒಬ್ಬರ ಗೂಗಲ್ ಪೇಗೆ ಬರಬಾರದು. ಇಬ್ಬರ ಸಹಿ ಇರುವ ಖಾತೆ ತೆರೆಯಿರಿ, ತಿಂಗಳಿಗೊಮ್ಮೆ ಎಷ್ಟು ಬಂತು, ಯಾರಿಂದ, ಎಲ್ಲಿಗೆ ಹೋಯಿತು ಅಂತ ಗ್ರೂಪಿನಲ್ಲೇ ಹಾಕಿ. ಅಡ್ಮಿನ್‌ಗಳಿಗೆ ಗೌರವಧನ ಕೊಟ್ಟಿದ್ದರೆ ಅದನ್ನೂ ನಾಚಿಕೆ ಇಲ್ಲದೆ ಬರೆಯಿರಿ. ತೀರ್ಮಾನಕ್ಕೆ ಕೂರುವಾಗ ಆ ಕಂಪನಿಯಲ್ಲಿ ಗಂಡ ಕೆಲಸ ಮಾಡುವ ಅಡ್ಮಿನ್ ಎದ್ದು ಹೊರಗಿರಲಿ. ಬೇಜಾರು ಮಾಡಿಕೊಳ್ಳುವಂಥದ್ದೇನಿಲ್ಲ.

ಬೇಡ ಅನ್ನಲು ಉದ್ದ ಕಾರಣ ಕೊಡಬೇಡಿ, ಕೊಟ್ಟಷ್ಟೂ ಚೌಕಾಸಿಗೆ ಇಳಿಯುತ್ತಾರೆ. 'ಸಂಪರ್ಕಿಸಿದ್ದಕ್ಕೆ ಧನ್ಯವಾದ. ಈ ಬಗೆಯ ಉತ್ಪನ್ನಗಳ ಪ್ರಚಾರವನ್ನು ನಮ್ಮ ಬಳಗ ಮಾಡುವುದಿಲ್ಲ. ನಮ್ಮ ನಿಯಮಗಳ ಪ್ರತಿ ಜೊತೆಗಿದೆ.' ಇಷ್ಟು ಸಾಕು.

ಒಪ್ಪಿಕೊಂಡ ಡೀಲಿಗೆ ಮೂರು ತಿಂಗಳಿಗಿಂತ ಹೆಚ್ಚು ಅವಧಿ ಕೊಡಬೇಡಿ. ಮಧ್ಯೆ ಸದಸ್ಯರಿಂದ ದೂರು ಬಂದರೆ ಕಂಪನಿಯ ಉತ್ತರವನ್ನೂ ಅದೇ ಪೋಸ್ಟಿನ ಕೆಳಗೆ ಹಾಕಿಸಿ, ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಕೊಡಿ. ಅವಧಿ ಮುಗಿದ ದಿನ ಪಿನ್ ತೆಗೆಯಿರಿ, ಆದರೆ ಪೋಸ್ಟನ್ನೂ ಅದರ ಮೇಲಿನ 'ಹಣ ಬಂದಿದೆ' ಅನ್ನುವ ಸಾಲನ್ನೂ ಅಳಿಸಬೇಡಿ. ಆರು ತಿಂಗಳಾದ ಮೇಲೆ ಗ್ರೂಪಿಗೆ ಸೇರಿ ಹಳೇ ಪೋಸ್ಟ್ ಹುಡುಕುವ ಹೊಸ ತಾಯಿಗೂ ಅದು ಕಾಣಿಸಬೇಕು.