ತುದಿಯಲ್ಲಿ ಏನಿದೆ ಎಂದು ನೋಡುವವರೆಗೆ

ವಯಸ್ಕರೊಬ್ಬರ ಕರುಳು ಕಟ್ಟಿಕೊಂಡಿದೆ ಎಂದರೆ ನಾನು ಯಂತ್ರ ಮುಟ್ಟುವ ಮೊದಲು ನೋಡುವುದು ಎರಡು ಸಂಗತಿ: ಹೊಟ್ಟೆಯ ಮೇಲೆ ಹಳೆಯ ಶಸ್ತ್ರಚಿಕಿತ್ಸೆಯ ಗುರುತಿದೆಯೇ, ತೊಡೆಸಂದಿಯಲ್ಲಿ ಹರ್ನಿಯಾ ಉಬ್ಬಿದೆಯೇ. ಸಣ್ಣ ಕರುಳಿನ ಅಡಚಣೆಗೆ ಹೆಚ್ಚಾಗಿ ಕಾರಣ ಅಲ್ಲೇ ಸಿಗುತ್ತದೆ. ಎರಡೂ ಇಲ್ಲದೆ, ‘ನೋವು ಬರುತ್ತದೆ, ತಾನಾಗಿ ಹೋಗುತ್ತದೆ’ ಎನ್ನುವ ರೋಗಿ ಶಿರಸಿಯ ನಮ್ಮ ಸ್ಕ್ಯಾನಿಂಗ್ ಕೋಣೆಗೆ ಬಂದರೆ ನನ್ನ ಕಿವಿ ನಿಮಿರುತ್ತದೆ.

ಸಿದ್ದಾಪುರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಅಂಥವರು. ವಯಸ್ಸು ಐವತ್ತರ ಆಸುಪಾಸು. ಊಟವಾದ ಮೇಲೆ ಹೊಕ್ಕುಳ ಸುತ್ತ ಹಿಂಡುವ ನೋವು, ವಾಂತಿ. ಒಂದೆರಡು ತಾಸು ಕಳೆದರೆ ಏನೂ ಆಗದವರಂತೆ ಎದ್ದು ತೋಟಕ್ಕೆ ಹೋಗುತ್ತಿದ್ದರು. ಮನೆಯಲ್ಲಿ ಓಮದ ಕಷಾಯ, ಪೇಟೆಯಲ್ಲಿ ಗ್ಯಾಸಿನ ಮಾತ್ರೆ ನಡೆದಿತ್ತು. ಎಂಡೋಸ್ಕೋಪಿಯೂ ಆಗಿತ್ತು. ಆದರೆ ಅದು ಜಠರ ದಾಟಿ ಸಣ್ಣ ಕರುಳಿನ ಆರಂಭದವರೆಗಷ್ಟೇ ಇಣುಕುತ್ತದೆ. ಅದರಾಚೆಯ ಮೀಟರುಗಟ್ಟಲೆ ಕರುಳು ಅದಕ್ಕೆ ಕಾಣುವುದಿಲ್ಲ. ನಾನು ಅಲ್ಟ್ರಾಸೌಂಡ್ ಮಾಡಿದ ದಿನವೂ ಎಲ್ಲ ಸರಿಯಾಗಿತ್ತು, ಅಂದು ನೋವೂ ಇರಲಿಲ್ಲ. ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸೇರಿಕೊಂಡು, ಅಷ್ಟರಲ್ಲಿ ತಾನಾಗಿ ಬಿಚ್ಚಿಕೊಂಡಿರಬಹುದು ಎಂಬ ಅನುಮಾನ ನನಗೆ ಉಳಿಯಿತು.

“ನೋವು ಶುರುವಾದ ಕೂಡಲೇ ಹೊರಡಿ. ಕಡಿಮೆಯಾಗಲಿ ಎಂದು ಕಾಯಬೇಡಿ” ಎಂದೆ.

“ಕೊನೆಕೊಯ್ಲಿನ ಸಮಯ ಡಾಕ್ಟರೇ. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಸಿಗುವುದೇ ಕಷ್ಟ, ಸಿಕ್ಕವನನ್ನು ಮರದ ಮೇಲೆ ಬಿಟ್ಟು ಹೇಗೆ ಬರಲಿ?”

ಕೊನೆಗೂ ಒಂದು ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡೇ ಬಂದರು. ನಿಲ್ಲಿಸಿ ತೆಗೆದ ಎಕ್ಸ್‌ರೇಯಲ್ಲಿ ಗಾಳಿ ಮತ್ತು ದ್ರವದ ಮಟ್ಟಗಳು ಕಂಡವು; ಸಣ್ಣ ಕರುಳು 3 ಸೆಂ.ಮೀ. ಮೀರಿ ಹಿಗ್ಗಿತ್ತು. ಕಟ್ಟಿದೆ ಎಂದು ಎಕ್ಸ್‌ರೇ ಹೇಳುತ್ತದೆ, ಏಕೆ ಕಟ್ಟಿತು ಎಂದು ಹೇಳುವುದು ಅಪರೂಪ. ಅಲ್ಟ್ರಾಸೌಂಡಿನ ಪ್ರೋಬನ್ನು ಬಲಗಡೆಯ ಕೆಳಹೊಟ್ಟೆಯ ಮೇಲಿಟ್ಟು ನಿಧಾನವಾಗಿ ಒತ್ತಿದೆ. ಹಾಗೆ ಒತ್ತಿದರೆ ನಡುವಿನ ಗಾಳಿ ಸರಿದು ಒಳಗಿನದು ಕಾಣುತ್ತದೆ. ಅಡ್ಡಕ್ಕೆ ನೋಡಿದಾಗ ಒಂದರೊಳಗೊಂದು ಬಳೆಗಳು, ಉದ್ದಕ್ಕೆ ತಿರುಗಿಸಿದಾಗ ಮೂತ್ರಪಿಂಡವನ್ನು ಹೋಲುವ ಆಕಾರ. ಅವಸರದಲ್ಲಿ ಕಳಚಿದ ಅಂಗಿಯ ತೋಳು ತನ್ನೊಳಗೇ ಸಿಕ್ಕಿಕೊಳ್ಳುವಂತೆ ಕರುಳಿನ ಒಂದು ಭಾಗ ಮುಂದಿನ ಭಾಗದೊಳಗೆ ನುಗ್ಗಿತ್ತು. ಇಂಟಸ್ಸಸೆಪ್ಶನ್.

ಮಕ್ಕಳಲ್ಲಾದರೆ ಇದಕ್ಕೆ ಹೆಚ್ಚಾಗಿ ಗಡ್ಡೆಯಂಥ ಕಾರಣ ಇರುವುದಿಲ್ಲ. ಗುದದ್ವಾರದಿಂದ ಗಾಳಿ ಅಥವಾ ಸಲೈನ್ ಒತ್ತಿ ಬಿಡಿಸುತ್ತಾರೆ. ವಯಸ್ಕರ ಕಥೆ ಬೇರೆ. ಒಟ್ಟು ಇಂಟಸ್ಸಸೆಪ್ಶನ್‌ಗಳಲ್ಲಿ ಅವರ ಪಾಲು ಸುಮಾರು ಶೇ. 5 ಮಾತ್ರ, ಆದರೆ ಅಡಚಣೆಯೊಂದಿಗೆ ಬಂದವರಲ್ಲಿ ಬಹುತೇಕರಿಗೆ ಒಳನುಗ್ಗಿದ ತುದಿಯಲ್ಲಿ ಏನಾದರೊಂದು ಕೂತಿರುತ್ತದೆ. ಸಣ್ಣ ಕರುಳಿನಲ್ಲಾದರೆ ಅದು ಹೆಚ್ಚಾಗಿ ನಿರಪಾಯದ ಗಡ್ಡೆ. ದೊಡ್ಡ ಕರುಳಿನಲ್ಲಾದರೆ ಕ್ಯಾನ್ಸರಿನ ಭಯ ದೊಡ್ಡದು. ಆದ್ದರಿಂದ ‘ಕರುಳು ಒಳಸೇರಿದೆ’ ಎಂದಷ್ಟೇ ಬರೆದು ಕೈತೊಳೆದುಕೊಂಡ ವರದಿ ನನ್ನ ಲೆಕ್ಕದಲ್ಲಿ ಅರ್ಧ ವರದಿ.

ಮೂತ್ರಪಿಂಡ ಸರಿಯಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆ ಕ್ರಿಯಾಟಿನಿನ್ ನೋಡಿಕೊಂಡು ಸಿಟಿ ಸ್ಕ್ಯಾನಿಗೆ ಮಲಗಿಸಿದೆವು. ಚಿತ್ರದಲ್ಲಿ ಅಂಗಗಳು ಎದ್ದು ಕಾಣಲೆಂದು ಕೊಡುವ ಕಾಂಟ್ರಾಸ್ಟ್ ದ್ರವವನ್ನು ಕುಡಿಯಲು ಕೊಡಲಿಲ್ಲ. ವಾಂತಿ ಮಾಡುತ್ತಿರುವವರಿಗೆ ಅದು ಹಿಂಸೆ, ಹಿಗ್ಗಿದ ಕರುಳಿನಲ್ಲಿ ತುಂಬಿದ ದ್ರವವೇ ನಮಗೆ ಸಾಕು. ಕಾಂಟ್ರಾಸ್ಟನ್ನು ರಕ್ತನಾಳಕ್ಕೆ ಕೊಟ್ಟು, ಸುಮಾರು 70 ಸೆಕೆಂಡಿಗೆ ಚಿತ್ರ ತೆಗೆದೆವು.

ಒಳಗೆ ಕಪ್ಪಾಗಿ ಕೊಬ್ಬು ಕಂಡಿತು. ಇಲ್ಲಿ ತಡೆದು ನೋಡಬೇಕು. ಒಳಸೇರುವ ಕರುಳು ತನ್ನನ್ನು ಹಿಡಿದಿಟ್ಟು ರಕ್ತನಾಳಗಳನ್ನು ತಲುಪಿಸುವ ಪದರವಾದ ಮೆಸೆಂಟರಿಯನ್ನೂ ಎಳೆದುಕೊಂಡು ಹೋಗುತ್ತದೆ, ಅದೂ ಕೊಬ್ಬೇ. ಆದರೆ ಅದು ಒಂದು ಬದಿಗೆ ಅರ್ಧಚಂದ್ರದಂತಿದ್ದು, ನಡುವೆ ರಕ್ತನಾಳಗಳು ಹಾದಿರುತ್ತವೆ. ಅದನ್ನು ಹಿಡಿದು ಒಂದೊಂದೇ ಸ್ಲೈಸ್ ಮುಂದೆ ಹೋದಾಗ ತುದಿಯಲ್ಲಿ ರಕ್ತನಾಳಗಳಿಲ್ಲದ, ನಯವಾದ ಅಂಚಿನ ಇನ್ನೊಂದು ಗುಂಡನೆಯ ಕೊಬ್ಬು ಸಿಕ್ಕಿತು, 3 ಸೆಂ.ಮೀ.ಗೆ ತುಸು ಕಡಿಮೆ. ಪರದೆಯ ವಿಂಡೋ, ಅಂದರೆ ಕಪ್ಪಿನಿಂದ ಬಿಳಿಯವರೆಗೆ ತೋರಿಸುವ ಸಾಂದ್ರತೆಯ ವ್ಯಾಪ್ತಿ, ಕಿರಿದಾಗಿದ್ದರೆ ಕೊಬ್ಬೂ ಗಾಳಿಯೂ ಒಂದೇ ಕಪ್ಪಾಗಿ ಕಾಣುತ್ತವೆ. ವಿಂಡೋ ಅಗಲಿಸಿ, ಅಂಚು ತಾಗದಂತೆ ನಡುವೆ ಸಣ್ಣ ವೃತ್ತ ಹಾಕಿ ಸಾಂದ್ರತೆ ಅಳೆದೆ. ಹೌನ್ಸ್‌ಫೀಲ್ಡ್ ಮಾನದಲ್ಲಿ ನೀರು 0, ಗಾಳಿ ಸುಮಾರು -1000. ಇದು -100ರ ಸುತ್ತ, ಕೊಬ್ಬಿನ ಮಟ್ಟದಲ್ಲೇ ನಿಂತಿತು. ಲೈಪೋಮಾ, ಅಂದರೆ ಕೊಬ್ಬಿನ ಗಡ್ಡೆ. ಚಿತ್ರ ನೋಡಿಯೇ ಇಷ್ಟು ಧೈರ್ಯವಾಗಿ ಹೆಸರಿಡಬಹುದಾದ ಗಡ್ಡೆ ಕರುಳಿನಲ್ಲಿ ಇನ್ನೊಂದಿಲ್ಲ. ಆದರೂ ಒಂದು ಎಚ್ಚರ: ಬಹಳ ಹೊತ್ತು ಸಿಕ್ಕಿಕೊಂಡು ಬಾವು ಬಂದರೆ ಅಥವಾ ಅಂಗಾಂಶ ಸತ್ತರೆ ಅದರ ಸಾಂದ್ರತೆ ಏರಿ ಅಷ್ಟು ಶುದ್ಧ ಕೊಬ್ಬಾಗಿ ಕಾಣದು.

ಮುಂದಿನ ಪ್ರಶ್ನೆ ಶಸ್ತ್ರಚಿಕಿತ್ಸಕರದ್ದು: ಇಲ್ಲಿಯೇ ಮಾಡುವುದೋ, ಹುಬ್ಬಳ್ಳಿಗೋ ಮಣಿಪಾಲಕ್ಕೋ ಕಳಿಸುವುದೋ? ಹುಬ್ಬಳ್ಳಿಯೇ ನೂರು ಕಿಲೋಮೀಟರಿನಷ್ಟು ದೂರ, ಮಣಿಪಾಲಕ್ಕಾದರೆ ಘಟ್ಟ ಇಳಿಯಬೇಕು. ಕರುಳಿನ ಗೋಡೆ ಕಾಂಟ್ರಾಸ್ಟ್ ಹೀರಿಕೊಂಡಿದೆಯೇ, ಗೋಡೆಯೊಳಗೆ ಗಾಳಿ ಸೇರಿದೆಯೇ, ಸುತ್ತ ನೀರು ನಿಂತಿದೆಯೇ ಎಂಬುದನ್ನು ವರದಿಯ ಮೊದಲ ಸಾಲಿನಲ್ಲೇ ಬರೆಯುವ ಅಭ್ಯಾಸ ನನಗೆ ಬಂದದ್ದು ಈ ದಾರಿಗಳಿಂದಲೇ. ಇವರ ಕರುಳಿಗೆ ರಕ್ತಸಂಚಾರ ಚೆನ್ನಾಗಿತ್ತು. ಊರಿನಲ್ಲೇ ಶಸ್ತ್ರಚಿಕಿತ್ಸೆಯಾಯಿತು, ಆ ತುಂಡು ತೆಗೆದು ಕರುಳು ಜೋಡಿಸಿದರು. ಪೆಥಾಲಜಿ ವರದಿಯೂ ಲೈಪೋಮಾ ಎಂದೇ ಬಂತು.

ಒಳಸೇರಿದ್ದೆಲ್ಲ ಕತ್ತರಿಗೆ ಹೋಗಬೇಕಿಲ್ಲ. ಬೇರೆ ಯಾವುದೋ ಕಾರಣಕ್ಕೆ ಮಾಡಿದ ಸಿಟಿಯಲ್ಲಿ ಸಣ್ಣ ಕರುಳಿನ ಗಿಡ್ಡ ತುಂಡೊಂದು ಹೀಗೆ ಕಾಣಿಸುವುದುಂಟು. ತುದಿಯಲ್ಲಿ ಗಡ್ಡೆಯಿಲ್ಲ, ಹಿಂದಿನ ಕರುಳು ಹಿಗ್ಗಿಲ್ಲ ಎಂದಾದರೆ ಅದು ಸಾಮಾನ್ಯವಾಗಿ ತಾನೇ ಬಿಡಿಸಿಕೊಳ್ಳುತ್ತದೆ.

ಕಷ್ಟ ಬರುವುದು ತುದಿಯಲ್ಲಿ ಕೊಬ್ಬು ಇಲ್ಲದಾಗ. ಅಂಕೋಲಾದ ಕಡೆಯಿಂದ ಬಂದಿದ್ದ ಮೀನು ಮಾರುವ ಮಹಿಳೆಯೊಬ್ಬರಲ್ಲಿ ಅದೇ ಬಳೆಗಳ ಚಿತ್ರ ಕಂಡಿತ್ತು, ಆದರೆ ಗಡ್ಡೆ ಗಟ್ಟಿ ಅಂಗಾಂಶದ್ದು. ಉರಿಯೂತದ ಪಾಲಿಪ್ ಇರಬಹುದು, ಕರುಳಿನ ಗೋಡೆಯಲ್ಲಿ ಬೆಳೆಯುವ ಜಿಸ್ಟ್ ಎಂಬ ಗಡ್ಡೆ ಇರಬಹುದು, ಇನ್ನೂ ಕೆಟ್ಟದ್ದೂ ಇರಬಹುದು. ಸಿಟಿಯಲ್ಲಿ ಇವು ಒಂದನ್ನೊಂದು ಹೋಲುತ್ತವೆ. “ಕ್ಯಾನ್ಸರ್ ಅಲ್ಲ ಎಂದು ಒಂದು ಸಾಲು ಬರೆದುಕೊಡಿ ಡಾಕ್ಟರೇ, ಅವಳಿಗೆ ಧೈರ್ಯ ಬರಲಿ” ಎಂದು ಗಂಡ ಕೇಳಿದರು. ಬರೆಯಲಿಲ್ಲ. ಗಡ್ಡೆ ಎಲ್ಲಿದೆ, ಎಷ್ಟಿದೆ, ಕರುಳಿನ ರಕ್ತಸಂಚಾರ ಹೇಗಿದೆ ಎಂಬುದನ್ನು ಬರೆದು, ಕೆಳಗೆ ‘ಸ್ವರೂಪ ಪೆಥಾಲಜಿಯಿಂದಲೇ ತೀರ್ಮಾನವಾಗಬೇಕು’ ಎಂದು ಸೇರಿಸಿ ಸಹಿ ಹಾಕಿದೆ.