ಬೆಳಗಿನ ಮಳೆ ಲೆಕ್ಕ

2020ರ ಬೇಸಿಗೆಯಲ್ಲಿ ಮನೆ ಮನೆ ಸಮೀಕ್ಷೆ ಮುಗಿದಾಗ ನನ್ನ ಪುಸ್ತಕದಲ್ಲಿ ಅರವತ್ತು ದಾಟಿದ 41 ಮಂದಿಯ ಹೆಸರಿತ್ತು. ಅವರಲ್ಲಿ 13 ಮಂದಿ ಒಂಟಿಯಾಗಿ, ಇಲ್ಲವೇ ಗಂಡ-ಹೆಂಡತಿ ಇಬ್ಬರೇ ಇರುವವರು. ನಾನು ಕೊಡಗಿನ ನಾಪೋಕ್ಲು ಕಡೆಯ ಒಂದು ಊರಿನ ಆಶಾ ಕಾರ್ಯಕರ್ತೆ. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ತೋಟ ಇಳಿದು, ಗದ್ದೆ ದಾಟಿ, ಮತ್ತೆ ತೋಟ ಹತ್ತಬೇಕು. ಹಾಗಾಗಿ ಒಂಟಿತನ ಈ ಹಿರಿಯರಿಗೆ ಹೊಸದಲ್ಲ. ಆದರೆ ವಾರದ ಸಂತೆ, ಮದುವೆ, ತಿಥಿ, ಬಸ್ಸಿನಲ್ಲಿ ಸಿಗುವ ಗುರುತಿನ ಮುಖ, ಎಲ್ಲವೂ ಮಾರ್ಚ್ ಕೊನೆಯ ವಾರ ಕೊರೊನಾ ಲಾಕ್‌ಡೌನ್‌ನಿಂದ ಒಟ್ಟಿಗೇ ನಿಂತುಹೋದವು.

ಮೊದಲು ನಾನು ಮಾಡಿದ್ದು ತಪ್ಪು. ದಿನಾ ಎಲ್ಲರಿಗೂ ಫೋನ್ ಮಾಡಿ, ಜ್ವರ ಇದೆಯೇ, ಕೆಮ್ಮು ಇದೆಯೇ, ಮಾತ್ರೆ ತಿಂದಿರಾ ಎಂದು ಕೇಳುತ್ತಿದ್ದೆ. ಎಲ್ಲರದ್ದೂ ಒಂದೇ ಉತ್ತರ: ಆರಾಮ. ಎರಡು ವಾರ ಕಳೆಯುವಷ್ಟರಲ್ಲಿ ಕೆಲವರು ಫೋನ್ ಎತ್ತುವುದನ್ನೇ ಬಿಟ್ಟರು. ಒಬ್ಬ ಅಜ್ಜಿ ನೇರವಾಗಿಯೇ ಕೇಳಿದರು: "ಮಗಳೇ, ಜ್ವರ ಬಂದರೆ ಮಾತ್ರ ನಾನು ನಿನಗೆ ಬೇಕೇನು?" ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ದಾರಿ ತೋರಿಸಿದವರು ಗುಡ್ಡದ ಮೇಲಿನ ಮನೆಯ ಅಜ್ಜ. ಅವರಿಗೆ ಕಿವಿ ಮಂದ. ಅಷ್ಟು ವರ್ಷ ನನ್ನ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದರು ಎನ್ನುವುದು ನನಗೆ ಗೊತ್ತಾದದ್ದೇ ಮಾಸ್ಕ್ ಹಾಕಿಕೊಂಡ ಮೇಲೆ. ಏನು ಕೇಳಿದರೂ "ಹೂಂ" ಎಂದು ತಲೆಯಾಡಿಸುತ್ತಿದ್ದರು. ಬಿಪಿ ಮಾತ್ರೆ ಇದೆಯೇ ಎಂದರೆ ಹೂಂ, ಮುಗಿದಿದೆಯೇ ಎಂದರೂ ಹೂಂ. ಮಗನ ಹಳೆಯ ಸ್ಲೇಟು ಚೀಲಕ್ಕೆ ಹಾಕಿಕೊಂಡು ಹೋದೆ. ಅಂಗಳದಲ್ಲಿ ನಿಂತು, "ಮಾತ್ರೆ ಎಷ್ಟು ಉಳಿದಿದೆ?" ಎಂದು ಬರೆದು ಜಗಲಿಯ ಮೇಲಿಟ್ಟು ಹಿಂದೆ ಸರಿದೆ. ಅಜ್ಜ ಕನ್ನಡಕ ಸರಿಪಡಿಸಿಕೊಂಡು ಓದಿದರು. ಅಂಗೈಯಿಂದ ಒರೆಸಿ, ನಿಧಾನವಾಗಿ ಬರೆದರು: "6. ಇಂದು ನನ್ನಲ್ಲಿ 1 ಇಂಚು 40 ಸೆಂಟ್. ಹೊಳೆ ಬದಿಯ ಮನೆಯವರಲ್ಲಿ ಎಷ್ಟು?"

ಕೊಡಗಿನ ಬೆಳೆಗಾರರ ಮನೆಗಳಲ್ಲಿ ಮಳೆ ಅಳೆಯುವುದು ತಲೆಮಾರಿನಿಂದ ಬಂದ ರೂಢಿ. ಅಂಗಳದ ಅಂಚಿನಲ್ಲಿ ಮಾಪಕ, ಒಳಗೆ ಮೇಜಿನ ಮೇಲೆ ಮಳೆ ಪುಸ್ತಕ, ನೂರು ಸೆಂಟಿಗೆ ಒಂದು ಇಂಚು. ಪ್ರತಿ ಸಂತೆಗೂ ಈ ಅಜ್ಜ ಹೊಳೆ ಬದಿಯ ಗೆಳೆಯರೊಂದಿಗೆ ವಾರದ ಲೆಕ್ಕ ತಾಳೆ ನೋಡುತ್ತಿದ್ದರಂತೆ. ಮೂರು ತಿಂಗಳಿಂದ ಅದು ನಿಂತಿತ್ತು. ಯಾರಾದರೂ ಬಂದು ತನ್ನನ್ನು ವಿಚಾರಿಸಲಿ ಎಂದು ಅವರು ಕಾದಿರಲಿಲ್ಲ. ಅವರ ಬಳಿಯೇ ಕೇಳಬೇಕಾದ ಒಂದು ಪ್ರಶ್ನೆಯಿತ್ತು. ಅದನ್ನು ಒಯ್ಯುವವರು ಇರಲಿಲ್ಲ.

ಉತ್ತರ ತಂದುಕೊಟ್ಟೆ. ಆಮೇಲೆ ಮಾಪಕವಿದ್ದ ಏಳು ಮನೆಗಳನ್ನು ಒಂದು ಸರಪಳಿ ಮಾಡಿದೆ. ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಮೊದಲ ಮನೆಯವರು ಎರಡನೆಯ ಮನೆಗೆ ಫೋನ್ ಮಾಡಬೇಕು, ಅವರು ಮೂರನೆಯ ಮನೆಗೆ, ಕೊನೆಯವರು ನನಗೆ. ಹತ್ತು ಗಂಟೆಗೆ ನನ್ನ ಫೋನ್ ಬಡಿದುಕೊಳ್ಳದಿದ್ದರೆ ಎಲ್ಲೋ ಕೊಂಡಿ ಕಳಚಿದೆ ಎಂದರ್ಥ, ಹುಡುಕಿಕೊಂಡು ಹೊರಡುತ್ತಿದ್ದೆ. ಕಿವಿ ಕೇಳದ ಅಜ್ಜನ ಲೆಕ್ಕವನ್ನು ಅಜ್ಜಿ ಓದಿ ಹೇಳುತ್ತಿದ್ದರು. ಮಳೆಯ ಮಾತು ಅರ್ಧ ನಿಮಿಷ. ಅಡುಗೆ, ಮೊಮ್ಮಕ್ಕಳು, ಮಂಡಿನೋವು ಅರ್ಧ ಗಂಟೆ. ಈ ಹಿರಿಯರ ಮಕ್ಕಳಿಗೂ ಇದನ್ನೇ ಹೇಳಿದೆ: ಊಟವಾಯಿತೇ ಎಂದು ಕೇಳಬೇಡಿ, ಯಾವ ಬಳ್ಳಿಯಲ್ಲಿ ಮೆಣಸು ನಿಂತಿದೆ ಎಂದು ಕೇಳಿ.

ತೋಟದ ಕೆಲಸಗಾರರ ಸಾಲುಮನೆಯಾದ ಲೈನ್ ಮನೆಯ ಅವ್ವನಿಗೆ ಇದು ಹೊಂದುವ ಉಪಾಯವಾಗಿರಲಿಲ್ಲ. ಜುಲೈಯಲ್ಲಿ ಮಗ ಬೆಂಗಳೂರಿನಿಂದ ಬಂದ. ಗೋಡೆಗೆ ಕ್ವಾರಂಟೈನ್ ಚೀಟಿ ಅಂಟಿತು. ಒಂದೇ ಸೂರಿನ ಕೆಳಗೆ ಆರು ಸಂಸಾರವಿದ್ದರೂ ಅವರತ್ತ ತಿರುಗಿ ನೋಡುವವರಿಲ್ಲ, ನಲ್ಲಿಯ ಬಳಿ ಕೊಡ ಇಡಲೂ ಬಿಡುತ್ತಿರಲಿಲ್ಲ. ನಾನು ದಿನಾ ಹೋಗಿ ಅವರ ಬಾಗಿಲಿನಿಂದ ಎರಡು ಮಾರು ದೂರದಲ್ಲಿ ಕುಳಿತು, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಮಾತನಾಡಿಸುತ್ತಿದ್ದೆ. ಹದಿನಾಲ್ಕು ದಿನ ಮುಗಿದಾಗ ಕಕ್ಕಡ ಹದಿನೆಂಟು, ಅಂದರೆ ಮದ್ದು ಸೊಪ್ಪಿನ ಪಾಯಸ ಮಾಡುವ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಹತ್ತಿರ ಬಂದಿತ್ತು. ಮದ್ದು ಸೊಪ್ಪು ಎಲ್ಲಿ ಸೊಂಪಾಗಿ ಬೆಳೆಯುತ್ತದೆ ಎನ್ನುವುದು ಆ ಅವ್ವನಿಗೆ ಗೊತ್ತಿದ್ದಷ್ಟು ಊರಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ನನಗೂ ಹಿರಿಯರ ಮನೆಗಳಿಗೂ ಕುಯ್ದು ಕೊಡಿ ಎಂದು ಕೇಳಿಕೊಂಡೆ. ಆಗಸ್ಟ್ 3ರಂದು ಅವರು ಕೊಟ್ಟ ಸೊಪ್ಪಿನ ನೇರಳೆ ಬಣ್ಣದ ಪಾಯಸ ಒಂಬತ್ತು ಮನೆಗಳಲ್ಲಿ ಬೆಂದಿತು. ಪಕ್ಕದ ಮನೆಯವಳು, ನನಗೂ ಒಂದು ಕಟ್ಟು ಕೊಡು ಎಂದು ಬಾಗಿಲಿಗೇ ಬಂದಳು.

ಅದಾದ ಎರಡೇ ದಿನಕ್ಕೆ ಆ ಭೀಕರ ಮಳೆ. ತಲಕಾವೇರಿಯಲ್ಲಿ ಬ್ರಹ್ಮಗಿರಿ ಬೆಟ್ಟ ಕುಸಿಯಿತು. ನಮ್ಮಲ್ಲಿ ಕರೆಂಟ್ ಹೋಯಿತು, ಹಿಂದೆಯೇ ಮೊಬೈಲ್ ಸಿಗ್ನಲ್ ಹೋಯಿತು, ಸರಪಳಿ ಕಡಿಯಿತು. 2018ರ ಪ್ರವಾಹ, ಭೂಕುಸಿತ ಕಂಡವರಿಗೆ ಕತ್ತಲಲ್ಲಿ ಆ ಸದ್ದು ಕೇಳುತ್ತಾ ಕೂರುವುದು ಎಂಥ ಸಂಕಟ ಎಂದು ಬೇರೆ ಹೇಳಬೇಕಿಲ್ಲ. ಹಾಲು ಕೊಡುವ ಹುಡುಗನ ಕೈಯಲ್ಲಿ ಚೀಟಿ ಕಳಿಸಿದೆವು. ಹೊಳೆ ಬದಿಯಿಂದ ಬಂದ ಚೀಟಿ ಪ್ಲಾಸ್ಟಿಕ್ ಕವರಿನೊಳಗೆ ಇನ್ನೂ ನನ್ನ ಬಳಿ ಇದೆ: "9 ಇಂಚು 5 ಸೆಂಟ್. ಗದ್ದೆ ಮುಳುಗಿದೆ. ನಾನು ಮೇಲಿನ ಕಣದ ಮನೆಯಲ್ಲಿದ್ದೇನೆ. ಅವನಿಗೆ ಹೇಳು."

2021ರ ಮಾರ್ಚ್‌ನಲ್ಲಿ ಅರವತ್ತು ದಾಟಿದವರಿಗೆ ಲಸಿಕೆ ಶುರುವಾಯಿತು. ಇಬ್ಬರು ಗೆಳೆಯರನ್ನೂ ಒಂದೇ ದಿನ, ಒಂದೇ ಜೀಪಿನಲ್ಲಿ ಕರೆದುಕೊಂಡು ಹೋದೆ. ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಕಾಯಬೇಕಿತ್ತು. ಹೊಳೆ ಬದಿಯವರು ಮಾಸ್ಕ್‌ನೊಳಗಿಂದ ಏನೋ ಹೇಳಿದರು, ಅಜ್ಜ "ಹೂಂ" ಎಂದರು. ಮರುಕ್ಷಣವೇ ನನ್ನತ್ತ ತಿರುಗಿ ಸ್ಲೇಟಿಗೆ ಕೈಚಾಚಿದರು. ಗೆಳೆಯ ಕಾಫಿ ಹೂ ಅರಳಿಸುವ ಮಳೆಯ ಲೆಕ್ಕ ಬರೆದುಕೊಟ್ಟರು: "ಹೂಮಳೆ 80 ಸೆಂಟ್." ಅಜ್ಜ ಓದಿ, ಒರೆಸಿ, ಒತ್ತಿ ಒತ್ತಿ ಬರೆದರು: "ನಿನ್ನ ಮಾಪಕ ಹಲಸಿನ ಮರದ ಕೆಳಗಿದೆ. ಅದಕ್ಕೇ ಕಡಿಮೆ." ಅರ್ಧ ಗಂಟೆ ಆಯಿತು, ಹೊರಡಬಹುದು ಎಂದು ನರ್ಸ್ ಎರಡು ಸಲ ಹೇಳಿದರು. ಇಬ್ಬರೂ ಏಳಲಿಲ್ಲ.