ಸಂಜೆ ನಾಲ್ಕರ ಚುಕ್ಕಿಗಳು: ಆತ್ಮಶೋಧನೆಯಲ್ಲಿ ನನ್ನ ಅನುಭವ

ಪಾಪ ಎಣಿಸಿ ಬರೆಯೋದು ಪ್ರಾರ್ಥನೆ ಅಲ್ಲ, ಬರೀ ಲೆಕ್ಕ ಅಂತ ನಮ್ಮ ಧರ್ಮಕೇಂದ್ರದ (ಚರ್ಚಿನ) ಗೆಳೆಯರು ಹೇಳಿದ್ದರು. ಮನೆಯವಳಿಗೂ ನಂಬಿಕೆ ಇರಲಿಲ್ಲ. ಮೂರು ವರ್ಷ ನನಗೂ ಏನೂ ದಕ್ಕಲಿಲ್ಲ. ಕಳೆದ ಆಗಮನ ಕಾಲದಲ್ಲಿ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ವಾರಗಳಲ್ಲಿ, ದಕ್ಕಿತು.

ನಾನು ಹಿಡಿದದ್ದು ಯೇಸುಸಭೆ (ಜೆಸ್ವಿಟ್) ಕಟ್ಟಿದ ಸಂತ ಇಗ್ನೇಷಿಯಸರ ಗೆರೆ ಪದ್ಧತಿ. ಒಂದೇ ತಪ್ಪು ಹಿಡಿಯಬೇಕು, ದಿನಕ್ಕೆ ಎರಡು ಗೆರೆ ಎಳೆಯಬೇಕು, ಆ ತಪ್ಪಿಗೆ ಬಿದ್ದಾಗಲೆಲ್ಲ ಗೆರೆಯ ಮೇಲೆ ಒಂದು ಚುಕ್ಕಿ. 1548ರಲ್ಲೇ ಪೋಪ್ ಮೂರನೇ ಪೌಲರು ಒಪ್ಪಿದ ಕ್ರಮ. ಲೆಕ್ಕ ಅಂದವರಿಗೆ ನಾನು ಕೊಟ್ಟ ಉತ್ತರ ಇಷ್ಟೇ.

ಅದಕ್ಕೂ ಮುಂಚೆ ದುಡ್ಡು ತುಂಬಾ ಹೋಯಿತು. ಕೇರಳದ ರಿಟ್ರೀಟಿಗೆ (ಧ್ಯಾನ ಶಿಬಿರಕ್ಕೆ) ಎರಡು ಸಲ ಹೋದೆ. ಬಸ್ಸು, ಊಟ, ತೋಟದ ಕೆಲಸ ನಿಂತಿದ್ದು ಎಲ್ಲ ಸೇರಿ 13–14 ಸಾವಿರ ಆಗಿರಬೇಕು. ಅಲ್ಲಿ ಕಣ್ಣೀರು ಹಾಕಿದೆ. ನಮ್ಮೂರು ಆಲ್ದೂರಿಗೆ ವಾಪಸ್ ಬಂದ ಮೇಲೆ ಪಾಪನಿವೇದನೆಯಲ್ಲಿ ಗುರುಗಳ ಮುಂದೆ ಅದೇ ನಾಲ್ಕು ಪಾಪ ಹೇಳಿದೆ. ಬೈಬಲಿನ ಹತ್ತು ಕಟ್ಟಳೆ ಇಟ್ಟುಕೊಂಡು ನನ್ನನ್ನು ಪರೀಕ್ಷಿಸಿಯೂ ನೋಡಿದ್ದೆ. ಏಳನೆಯದು, ಕದಿಯಬಾರದು. ಪ್ರತಿ ಸಲ 'ಇಲ್ಲ' ಅಂತ ದಾಟಿಬಿಡುತ್ತಿದ್ದೆ.

ಗೆರೆ ಪದ್ಧತಿಗೆ ನಾನು ಹಿಡಿದ ತಪ್ಪು ಸಿಟ್ಟು. ಮೊದಲು ಪುಸ್ತಕ ಬೇಡ ಅಂತ ಜೇಬಲ್ಲಿ ಕಾಫಿ ಬೀಜ ಇಟ್ಟುಕೊಂಡೆ. ಸಿಟ್ಟು ಬಂದಾಗ ಒಂದು ಬೀಜ ಬಲ ಜೇಬಿನಿಂದ ಎಡಕ್ಕೆ. ದಿನಕ್ಕೆ ಏಳೆಂಟು ಬರುತ್ತಿತ್ತು. ಎಣಿಕೆ ಸರಿ ಸಿಕ್ಕಿತು, ಆದರೆ ಸಿಟ್ಟು ಯಾವಾಗ ಬಂತು ಅನ್ನೋದು ರಾತ್ರಿಗೆ ಮರೆತಿರುತ್ತಿತ್ತು. ನಡುವೆ ಒಂದು ವಾರ ಉಪವಾಸ ಮಾಡಿದೆ. ಎಣಿಕೆ ಜಾಸ್ತಿಯೇ ಆಯಿತು, ಉಪವಾಸ ಬಿಟ್ಟೆ.

ಆಮೇಲೆ 20 ರೂಪಾಯಿಯ ನೋಟ್‌ಬುಕ್ ತಂದು ಚುಕ್ಕಿಯ ಪಕ್ಕ ಗಂಟೆಯನ್ನೂ ಬರೆಯತೊಡಗಿದೆ. ಇದು ನನ್ನದೇ ಸೇರ್ಪಡೆ, ಕೆಲಸ ಆಗಿದ್ದೂ ಇದರಿಂದಲೇ. ತೋಟದಲ್ಲಿ ಅರೇಬಿಕಾ ಕಾಫಿ ಕುಯ್ಲು ನಡೀತಿತ್ತು. ಎರಡೇ ವಾರದಲ್ಲಿ ಕಣ್ಣಿಗೆ ಬಿತ್ತು: ಅರ್ಧಕ್ಕಿಂತ ಹೆಚ್ಚು ಚುಕ್ಕಿ ಸಂಜೆ ನಾಲ್ಕರಿಂದ ನಾಲ್ಕೂವರೆ ಒಳಗೆ. ಅಂದರೆ ಆಳುಗಳು ಕುಯ್ದ ಹಣ್ಣು ತೂಗುವ ಹೊತ್ತು.

ಯಾರ ಮೇಲೆ ಸಿಟ್ಟು? ತಕ್ಕಡಿಯನ್ನೇ ನೋಡುತ್ತಾ ನಿಲ್ಲುವ ಒಬ್ಬ ಹೆಂಗಸಿನ ಮೇಲೆ. "ಏನಮ್ಮ, ನಂಬಿಕೆ ಇಲ್ವಾ?" ಅಂತ ಗದರುತ್ತಿದ್ದೆ. ಅವಳು ನೋಡಿದರೆ ನನಗೇಕೆ ಉರಿಯಬೇಕು? ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಅಡುಗೆಮನೆಯ ತಕ್ಕಡಿಯಲ್ಲಿ ಖಾಲಿ ಚೀಲ ಇಟ್ಟೆ. 120 ಗ್ರಾಂ.

ಅಪ್ಪನ ಕಾಲದಿಂದ ಹಣ್ಣಿನ ತೂಕದಲ್ಲಿ ಚೀಲದ ತೂಕ ಅಂತ 1 ಕೆಜಿ ಕಳೆಯುತ್ತಿದ್ದೆವು. ಆಗ ಗೋಣಿಚೀಲ ಇತ್ತು, ಮಳೆಯಲ್ಲಿ ನೆಂದದ್ದು. ಪ್ಲಾಸ್ಟಿಕ್ ಚೀಲ ಬಂದು ಏಳು ವರ್ಷ ಆಗಿತ್ತು. ಕಳೆಯೋದು ಮಾತ್ರ ನಿಂತಿರಲಿಲ್ಲ. ಹನ್ನೆರಡು ಜನ, ದಿನಕ್ಕೆ ತಲಾ ಒಂದು ಚೀಲ, ಕೆಜಿಗೆ 5 ರೂಪಾಯಿ ಕೂಲಿ, ಕುಯ್ಲು ಸುಮಾರು 40 ದಿನ. ವರ್ಷಕ್ಕೆ ಎರಡು ಸಾವಿರದ ಮೇಲೆ. ಏಳು ವರ್ಷಕ್ಕೆ 14 ಸಾವಿರ ದಾಟುತ್ತದೆ. ಹೆಚ್ಚುಕಡಿಮೆ ಎರಡು ರಿಟ್ರೀಟಿನ ಖರ್ಚು, ಅಲ್ವಾ? ಪಾಪ ಹುಡುಕಲು ಹೋಗಿದ್ದು ಅವರ ದುಡ್ಡಿನಲ್ಲೇ.

ಮರೆಯಾದ ತಪ್ಪುಗಳಿಂದ ನನ್ನನ್ನು ಶುದ್ಧ ಮಾಡು ಅಂತ 19ನೇ ಕೀರ್ತನೆಯಲ್ಲಿ ಕೇಳುವುದನ್ನು ಚಿಕ್ಕಂದಿನಿಂದ ಓದಿದ್ದೆ. ಈ ಸಲ ಓದಲು ಧ್ವನಿ ಬರಲಿಲ್ಲ.

ಬೈಬಲಿನ ಸುಂಕದವ ಜಕ್ಕಾಯ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂದ. ನನಗೆ ಎರಡರಷ್ಟು ಮಾತ್ರ ಆಯಿತು, ಅದೂ ಮೆಣಸು ಮಾರಿ. ಊರು ಬಿಟ್ಟು ಹೋದ ಮೂವರು ಇನ್ನೂ ಸಿಕ್ಕಿಲ್ಲ, ಅವರ ಪಾಲು ಲಕೋಟೆಯಲ್ಲಿ ಇದೆ. ಆ ಹೆಂಗಸಿನ ಕೈಗೆ ದುಡ್ಡು ಕೊಟ್ಟು ವಿಷಯ ಹೇಳಿದೆ. "ನಮಗೆಲ್ಲ ಗೊತ್ತಿತ್ತು ಸಾವ್ಕಾರ್ರೆ" ಅಂದಳು.

ರಾತ್ರಿ ಪುಸ್ತಕ ಮುಚ್ಚುವ ಮುಂಚೆ ನಾನು ನನಗೇ ಕೇಳಿಕೊಳ್ಳುವ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯಲ್ಲ. ನಿಮ್ಮದು ನೀವೇ ಹುಡುಕಿಕೊಳ್ಳಬೇಕು. ಈಗ ನಾಲ್ಕು ಗಂಟೆಗೆ ಚುಕ್ಕಿ ಬೀಳುವುದು ವಾರಕ್ಕೆ ಒಂದೋ ಎರಡೋ. ಬೆಳಿಗ್ಗೆ ಏಳರ ಹತ್ತಿರ ಚುಕ್ಕಿಗಳ ಹೊಸದೊಂದು ಗುಂಪು ಕಾಣುತ್ತಿದೆ, ಯಾಕೆ ಅಂತ ಇನ್ನೂ ಹುಡುಕುತ್ತಿದ್ದೇನೆ. ಬರೀ ಲೆಕ್ಕ ಅಂದಿದ್ದ ಗೆಳೆಯರಲ್ಲಿ ಒಬ್ಬ ಮೊನ್ನೆ ನನ್ನ ಪುಸ್ತಕ ಕೇಳಿದ. ಅದನ್ನು ಕೊಡಲಿಲ್ಲ. ಹೊಸ ನೋಟ್‌ಬುಕ್ ತಂದು ಮೊದಲ ವಾರದ ಗೆರೆ ಎಳೆದು ಕೊಟ್ಟೆ.